ಕುದುರೆಗೆ ಎಷ್ಟು ಮರ?

ನನ್ನ ಹೆಸರಿನಲ್ಲಿ ಒಂದೇ ಒಂದು ತೆಂಗಿನ ಮರವಿಲ್ಲ. ನಾವಿರುವುದು ತಿಪಟೂರಿನ ರೈಲ್ವೆ ಗೇಟಿನಾಚೆಯ ಬಡಾವಣೆಯಲ್ಲಿ. ಹಿತ್ತಲು ಅಂದರೆ ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಅಷ್ಟೆ. ಆದರೂ ಯಾವುದಾದರೂ ಖರ್ಚಿನ ಸುದ್ದಿ ಕಿವಿಗೆ ಬಿದ್ದರೆ ನನ್ನ ಬಾಯಿಂದ ಮೊದಲು ಹೊರಡುವ ಮಾತು, "ಇದಕ್ಕೆ ಎಷ್ಟು ಮರ?" ಗ್ಯಾಸ್ ಸಿಲಿಂಡರಿಗೆ ಎಷ್ಟು ಮರ, ಕರೆಂಟ್ ಬಿಲ್ಲಿಗೆ ಎಷ್ಟು ಮರ, ಮೊಮ್ಮಗಳ ಭರತನಾಟ್ಯದ ಗೆಜ್ಜೆಗೆ ಎಷ್ಟು ಮರ. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನ ಹುಡುಗಿ. ದವಡೆ ಹಲ್ಲಿಗೆ ಏನೇನು ಮಾಡಬೇಕು, ಎಷ್ಟಾಗುತ್ತದೆ ಎಂದೆಲ್ಲ ನಯವಾಗಿ ಹೇಳಿದಳು. ನಾನು ಬಾಯಿ ತೆರೆದುಕೊಂಡೇ "ಅಯ್ಯೋ, ಮೂರು ಮರ ಹೋಯ್ತಲ್ಲಮ್ಮ" ಅಂದೆ. ಆಕೆ ದೀಪವನ್ನು ಹತ್ತಿರಕ್ಕೆ ಎಳೆದು ಇನ್ನೊಮ್ಮೆ ಬಾಯೊಳಗೆ ಇಣುಕಿದಳು.

ತಪ್ಪು ಆಕೆಯದಲ್ಲ. ಈ ಲೆಕ್ಕ ಅರ್ಥವಾಗಬೇಕಾದರೆ ಬಿಳಿಗೆರೆ ಕಡೆಯ ನಮ್ಮ ಊರಿನಲ್ಲಿ, ನಮ್ಮ ಅಜ್ಜಿಯ ಕೈಕೆಳಗೆ ಬೆಳೆದಿರಬೇಕು. ನಮ್ಮ ಮನೆಯಲ್ಲಿ ದುಡ್ಡಿಗೆ ಲೆಕ್ಕ ಇರಲಿಲ್ಲ, ಮರಕ್ಕೆ ಇತ್ತು. ಬಾವಿಯ ಪಕ್ಕದ ಡೊಂಕು ಮರ ದೇವರ ದೀಪದೆಣ್ಣೆಗೆ. ಅದರಾಚೆಯ ಎರಡು ಮರ ಉಪ್ಪು ಮೆಣಸಿನಕಾಯಿಗೆ. ಕಾಲುವೆ ಅಂಚಿನದು ತಾತನ ನಶ್ಯಕ್ಕೆ. ಒಂದು ಇಡೀ ಸಾಲು ಅತ್ತೆಯರು ತವರಿಗೆ ಬಂದಾಗ ಕೊಡುವ ಸೀರೆಗೆ. ನಾನು ಹುಟ್ಟಿದ ವರ್ಷ ನೆಟ್ಟ ಸಸಿ ನನ್ನ ಲಂಗ ರವಿಕೆಗೆ. ಒಂದು ಮರದಲ್ಲಿ ಕಾಯಿ ಕಡಿಮೆಯಾದರೆ ಆ ಖರ್ಚೂ ಕಡಿಮೆಯಾಗಬೇಕು, ಪಕ್ಕದ ಮರಕ್ಕೆ ಕೈ ಚಾಚುವಂತಿಲ್ಲ. ನನ್ನ ಮರಕ್ಕೆ ಹುಳು ಬಿದ್ದ ವರ್ಷ ನಾನು ಮೊಣಕಾಲು ಮುಚ್ಚದ ಲಂಗದಲ್ಲೇ ಯುಗಾದಿ ಮಾಡಿದೆ.

ಇದರ ಜೊತೆಗೆ ಅಟ್ಟ ಎಂಬುದೊಂದಿತ್ತು. ನಮ್ಮ ಕಡೆಯವರು ಕಾಯಿಯನ್ನು ಕಾಯಾಗಿ ಮಾರುವುದು ಕಡಿಮೆ. ಮರದಿಂದ ಇಳಿಸಿದ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಸುಮಾರು ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಟ್ಟುಬಿಡುವುದು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ನಾವು ಮಕ್ಕಳು ಮಲಗುತ್ತಿದ್ದದ್ದು ಆ ಅಟ್ಟದ ಕೆಳಗೇ. ಇಲಿ ಓಡಾಡಿದರೆ ಯಾವುದೋ ಒಂದು ಕಾಯಿ ಉರುಳಿ ಸದ್ದು ಮಾಡುತ್ತಿತ್ತು. ಅಜ್ಜಿ ನಿದ್ದೆಯಲ್ಲೇ "ಇನ್ನೂ ಆಗಿಲ್ಲ, ನೀರೈತೆ" ಎಂದು ಮಗ್ಗುಲು ಬದಲಿಸುತ್ತಿದ್ದಳು. ತಲೆಯ ಮೇಲೆ ಹೋದ ವರ್ಷದ ಬೆಳೆ ಇಟ್ಟುಕೊಂಡು ಮುಂದಿನ ವರ್ಷದ ತನಕ ಕಾಯುವ ಜನ ನಾವು. ನಮ್ಮಂಥವರು ಸಾಕಬಾರದ ಪ್ರಾಣಿ ಯಾವುದಾದರೂ ಇದ್ದರೆ ಅದು ಕುದುರೆ.

ಅದನ್ನು ತಂದವರು ತಾತ. ಎಪ್ಪತ್ತರ ದಶಕದ ಕೊನೆ. ತಿಪಟೂರಿಗೆ ಆಟೋಗಳು ಬಂದು ಸ್ಟೇಷನ್ ಮುಂದಿನ ಜಟಕಾಗಳು ಒಂದೊಂದಾಗಿ ಕಾಣೆಯಾಗುತ್ತಿದ್ದ ಕಾಲ. ತಾತ ಕೊಬ್ಬರಿ ಮಾರಲು ಪೇಟೆಗೆ ಹೋದಾಗಲೆಲ್ಲ ಬಾಷಾ ಸಾಬರ ಜಟಕಾದಲ್ಲೇ ಓಡಾಡುವುದು. ಸಾಬರು ವಯಸ್ಸಾಗಿ ಗಾಡಿ ಬಿಟ್ಟು ಮಗಳ ಊರಿಗೆ ಹೊರಟರು. ಕುದುರೆಯನ್ನು ಯಾರೋ ದಲಾಲಿಗೆ ಕೊಡುವವರಿದ್ದರು. ಸುಲ್ತಾನ ಎಂಬ ಹೆಸರಿನ, ಕೆಂಚು ಬಣ್ಣದ, ಹಣೆಯ ಮೇಲೆ ಬಿಳಿ ಮಚ್ಚೆಯ ಕುದುರೆ. ತಾತನಿಗೆ ಏನನ್ನಿಸಿತೋ, ಕೊಬ್ಬರಿ ಮಾರಿದ ದುಡ್ಡು ಕೊಟ್ಟು ಗಾಡಿ ಸಮೇತ ಕೊಂಡು, ತಾವೇ ಹೊಡೆದುಕೊಂಡು ಮನೆ ಮುಂದೆ ಬಂದು ಇಳಿದರು.

ಅದೇ ವಾರ ನಾನು ಏಳನೇ ಕ್ಲಾಸು ಪಾಸಾಗಿದ್ದೆ. ಊರಿನಲ್ಲಿ ಶಾಲೆ ಅಲ್ಲಿಗೆ ಮುಗಿಯಿತು. ಹೈಸ್ಕೂಲು ತಿಪಟೂರಿನಲ್ಲಿ. ಗಂಡುಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಇಲ್ಲವೇ ಹಾಸ್ಟೆಲ್ಲು ಸೇರುತ್ತಿದ್ದರು. ಊರಿಗೆ ಬರುವ ಒಂದೇ ಬಸ್ಸು ಶಾಲೆಯ ಎರಡನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ ಬರುತ್ತಿತ್ತು. ಹೆಣ್ಣುಮಕ್ಕಳು ಏಳನೆಯದಾದ ಮೇಲೆ ಮನೆಯಲ್ಲಿ ಕಡ್ಡಿ ಪೊರಕೆ ಕಟ್ಟುತ್ತಿದ್ದರು. ನನಗೆ ಓದುವ ಆಸೆ ಇತ್ತು. ಎಷ್ಟಿತ್ತೆಂದರೆ, ಆ ಆಸೆಯನ್ನು ಯಾರ ಮುಂದೆಯೂ ಹೇಳಲು ಭಯವಾಗುವಷ್ಟು.

ಅಂಗಳದಲ್ಲಿ ಕುದುರೆ ನಿಂತಿತ್ತು. ಅಪ್ಪ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದರು. ಅವರು ಎರಡು ವರ್ಷದಿಂದ ಪಂಪ್‌ಸೆಟ್ಟು ಪಂಪ್‌ಸೆಟ್ಟು ಎಂದು ಬಾಯಿ ಬಾಯಿ ಬಡಿದುಕೊಂಡಿದ್ದರು.

"ಇದ್ಯಾಕಪ್ಪ ಈಗ?" ಅಂದರು.

ತಾತ ಸುತ್ತಲೂ ನೋಡಿದರು. ಕಾರಣವೊಂದು ಬೇಕಾಗಿತ್ತು. ಬಾಗಿಲ ಸಂದಿಯಲ್ಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ. "ಗಿರಿಜನ್ನ ಹೈಸ್ಕೂಲಿಗೆ ಕಳಿಸೋದು ಬ್ಯಾಡ್ವೇನಯ್ಯ? ಅದಕ್ಕೇ ತಂದೆ" ಅಂದುಬಿಟ್ಟರು. ನನ್ನ ವಿದ್ಯಾಭ್ಯಾಸ ಶುರುವಾದದ್ದು ಹೀಗೆ, ಒಂದು ನೆಪವಾಗಿ.

ಅಜ್ಜಿ ಮಾತ್ರ ಬೈಯಲಿಲ್ಲ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಕುದುರೆಯನ್ನು ಬಾಲದಿಂದ ಮೂತಿಯ ತನಕ ಒಮ್ಮೆ ನೋಡಿ, "ಎಷ್ಟು ಮರ ಬೇಕು ಇದಕ್ಕೆ?" ಎಂದು ಕೇಳಿದಳು.

ಅಮಾವಾಸ್ಯೆಯ ಮರುದಿನ ಅಜ್ಜಿಯ ಲೆಕ್ಕದ ದಿನ. ಪಡಸಾಲೆಯಲ್ಲಿ ಮೊರದ ತುಂಬ ಹುಣಸೆಬೀಜ ಇಟ್ಟುಕೊಂಡು ಕೂರುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆ ಬೀಜಗಳೇ ಅವಳ ಲೆಕ್ಕದ ಪುಸ್ತಕ. ಆ ತಿಂಗಳ ಕುದುರೆ ಖರ್ಚಿಗೆ ತಾತ ಕೊಟ್ಟ ಅಂದಾಜು ಬಹಳ ಸರಳವಾಗಿತ್ತು. "ಎತ್ತಿಗೆ ಆಗೋದೇ ಇದಕ್ಕೂ ಆಗೋದು ಕಣೇ. ಅದಕ್ಕೂ ನಾಕು ಕಾಲು, ಇದಕ್ಕೂ ನಾಕು ಕಾಲು. ಕೊಂಬಿಲ್ಲ, ಅದೊಂದು ಉಳಿತಾಯ." ಅವರ ಪ್ರಕಾರ ಅರ್ಧ ಸಾಲು ಮರ ಸಾಕು. ಅಜ್ಜಿ ಬೀಜಗಳನ್ನು ಬೆರಳಲ್ಲಿ ಆಚೀಚೆ ತಳ್ಳಿ, ಬಾವಿ ದಾರಿಯ ಇಡೀ ಸಾಲನ್ನು ಕುದುರೆಗೆ ಬಿಟ್ಟುಕೊಟ್ಟಳು. ಸುಣ್ಣದ ನೀರು ತಂದು ಒಂದೊಂದು ಮರದ ಬುಡಕ್ಕೂ ಬಿಳಿ ಗೀಟು ಎಳೆದು ಬಂದಳು. ಬಂದು ತೀರ್ಪು ಹೇಳಿದಳು. "ಇದು ಈ ಸಾಲಿನಾಗೆ ಬದುಕಿದ್ರೆ ಇರ್ಲಿ. ಪಕ್ಕದ ಸಾಲಿಗೆ ಬಾಯಿ ಹಾಕ್ತು ಅಂದ್ರೆ ಕೊಟ್ಟುಬುಡಿ. ಆಮೇಲೆ ಗಿರಿಜನ್ನ ನಡ್ಕೊಂಡು ಹೋಗು ಅನ್ನಾಕಾಗಲ್ಲ, ಮನೇಲಿರ್ತಾಳೆ."

ಅಲ್ಲಿಗೆ ನನ್ನ ಎಂಟನೇ ಕ್ಲಾಸೂ ಕುದುರೆಯ ಹೊಟ್ಟೆಯೂ ಒಂದೇ ಗೂಟಕ್ಕೆ ಕಟ್ಟುಬಿದ್ದವು.

ಕುದುರೆ ಎತ್ತಲ್ಲ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ನಮ್ಮ ಮನೆಯ ರಾಗಿ ಹುಲ್ಲನ್ನು ಅದು ಮೂಸಿ, ಮುಖ ತಿರುಗಿಸಿ, ತಾತನ ರುಮಾಲನ್ನು ತಿನ್ನಲು ನೋಡಿತು. ಅದಕ್ಕೆ ಹಸಿ ಹುಲ್ಲೇ ಬೇಕು, ಗರಿಕೆಯಾದರೆ ಇನ್ನೂ ಸಂತೋಷ. ಹುರುಳಿ ಬೇಯಿಸಿ ಬೂಸಾ ಕಲಸಿ ಕೊಡಬೇಕು, ಅದೂ ಹದವಾಗಿ ಆರಿಸಿ. ನಮ್ಮ ಹೊಲದ ಹುರುಳಿಯೆಲ್ಲ ಅದರ ಪಾಲಾಗಿ, ಆ ವರ್ಷ ನಮ್ಮ ಮನೆಯಲ್ಲಿ ಹುರುಳಿಕಟ್ಟಿನ ಸಾರೇ ನಿಂತುಹೋಯಿತು. ಮುದ್ದೆಯ ಪಕ್ಕದಲ್ಲಿ ಸೊಪ್ಪಿನ ಸಾರು ನೋಡಿ ಅಪ್ಪ "ಕುದುರೆ ಉಂಡಾದಮೇಲೆ ಉಳಿದಿದ್ರೆ ನಂಗೂ ಒಂದು ಸೌಟು ಹುರುಳಿಕಟ್ಟು ಹಾಕಿ" ಎನ್ನುತ್ತಿದ್ದರು. ಇನ್ನು ತಿಂಗಳಿಗೊಮ್ಮೆ ಲಾಳ. ಎತ್ತಿಗೂ ಲಾಳ ಕಟ್ಟಿಸುತ್ತೇವೆ, ಆದರೆ ಎತ್ತು ದಿನಾ ತಿಪಟೂರಿನ ಡಾಂಬರು ರಸ್ತೆ ತುಳಿಯುವುದಿಲ್ಲ. ಗಾಡಿಗೆ ಕೀಲೆಣ್ಣೆ, ಚಕ್ರದ ಪಟ್ಟಿ, ಹರಿದ ತೊಗಲಿನ ಹೊಲಿಗೆ.

ಅಜ್ಜಿಗೆ ಎಲ್ಲಕ್ಕಿಂತ ಸೇರದೆ ಹೋದದ್ದು ಬೇರೆಯೇ. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕೂತು ಬಹಳ ಹೊತ್ತು ಅದರ ಬಾಯನ್ನೇ ನೋಡಿ, ಬೇಸರದಿಂದ ಎದ್ದು ಬಂದಳು.

"ಮೆಲುಕೇ ಹಾಕಲ್ಲ ಕಣೇ ಅದು" ಅಂದಳು ಅಮ್ಮನಿಗೆ. "ಹಸ ಆದ್ರೆ ಬೆಳಗ್ಗೆ ತಿಂದಿದ್ದ ಮಧ್ಯಾಹ್ನಕ್ಕೆ ಇನ್ನೊಂದು ಸಲ ತಿಂತೈತೆ. ಇದಕ್ಕೆ ಕೂಡಿಡೋದೇ ಗೊತ್ತಿಲ್ಲ. ಹಾಕಿದ್ದು ಹಾಕ್ದಂಗೆ ಹೋಯ್ತು."

ಅಟ್ಟದಲ್ಲಿ ಕಾಯಿ ಕೂಡಿಟ್ಟು ವರ್ಷ ಕಾಯುವವಳಿಗೆ ಮೆಲುಕು ಹಾಕದ ಪ್ರಾಣಿಯ ಮೇಲೆ ನಂಬಿಕೆ ಹೇಗೆ ಬರಬೇಕು? ನಿಜವಾದ ತೊಡಕೂ ಅಲ್ಲೇ ಇತ್ತು. ಕುದುರೆಗೆಂದು ಬಿಟ್ಟುಕೊಟ್ಟ ಸಾಲಿನ ಕಾಯಿ ಈಗಷ್ಟೇ ಅಟ್ಟ ಏರಿದೆ. ಅದು ಕೊಬ್ಬರಿಯಾಗಿ ಕೈಗೆ ಕಾಸು ಬರುವುದು ಬರುವ ವರ್ಷ. ಕುದುರೆಗೆ ಹೊಟ್ಟೆ ಹಸಿಯುವುದು ಈವತ್ತು, ಈವತ್ತು ಸಂಜೆ ಇನ್ನೊಮ್ಮೆ. ಹೀಗಾಗಿ ಅಜ್ಜಿ ಎಷ್ಟು ಬೇಡವೆಂದರೂ ಅದು ಪಕ್ಕದ ಸಾಲುಗಳಿಗೆ ಬಾಯಿ ಹಾಕಲೇಬೇಕಾಯಿತು. ಮೊದಲು ಹೋದದ್ದು ತಾತನ ನಶ್ಯದ ಮರ. ಊಟವಾದ ಮೇಲೆ ತಾತ ಖಾಲಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಒಳಗಿನ ವಾಸನೆಯನ್ನಾದರೂ ಎಳೆದುಕೊಂಡು, ಬಾರದ ಸೀನಿಗೆ ಕಾಯುತ್ತಾ ಕೂರುತ್ತಿದ್ದರು. ಆಮೇಲೆ ನನ್ನ ಮರ ಹೋಯಿತು.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಇಡೀ ಜಟಕಾದಲ್ಲಿ ಹಿಂದೆ ನಾನೊಬ್ಬಳು, ಮುಂದೆ ತಾತ. ಕೆರೆ ಏರಿಯ ಮೇಲೆ ಹೋಗುವಾಗ ದನ ಕಾಯುವವರು ಎದ್ದು ನಿಂತು ನೋಡುತ್ತಿದ್ದರು. ಮೊದಲ ಸೋಮವಾರ ಮಾತ್ರ ಗಾಡಿ ಹೊರಡಲಿಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಆ ಪದ್ಧತಿಯನ್ನು ತಾತ ಕುದುರೆಗೂ ದಯಪಾಲಿಸಿದರು. ಶುಕ್ರವಾರ ಬಂತು. ತಾತ ಗಾಡಿ ಕಟ್ಟಿದರೆ ಸುಲ್ತಾನ ನಡುದಾರಿಯಲ್ಲಿ ನಿಂತುಬಿಟ್ಟಿತು. ಬಾಷಾ ಸಾಬರು ಶುಕ್ರವಾರ ನಮಾಜಿಗೆ ಹೋಗುತ್ತಿದ್ದರಿಂದ ಅದಕ್ಕೆ ಅಂದು ಅರ್ಧ ದಿನ ರಜೆ ಅಭ್ಯಾಸವಾಗಿತ್ತು. ಇಬ್ಬರು ದೇವರ ರಜೆ ಒಂದೇ ಕುದುರೆಗೆ ಸಿಕ್ಕಿ, ಶಾಲೆಯಲ್ಲಿ ಹೆಡ್‌ಮೇಡಂ ನನ್ನನ್ನು ಎದ್ದು ನಿಲ್ಲಿಸಿ, "ಏನಮ್ಮ, ವಾರಕ್ಕೆ ಒಂದು ಭಾನುವಾರ ಸಾಲದಾ?" ಎಂದು ಕೇಳಿದರು. ಮನೆಗೆ ಬಂದು ಅತ್ತುಬಿಟ್ಟೆ. ಅಜ್ಜಿ ಕೂಡಲೇ ತೀರ್ಪು ಕೊಟ್ಟಳು. "ಸೋಮವಾರ ಬಸವಣ್ಣಂದು. ಇದು ಬಸವಣ್ಣ ಅಲ್ಲ. ಶುಕ್ರವಾರ ಸಾಬರ್ದು. ಸಾಬರು ಇಲ್ಲಿಲ್ಲ. ಕಟ್ರೀ ಗಾಡಿ."

ಇಷ್ಟಾದರೂ ಮೂರನೇ ಅಮಾವಾಸ್ಯೆಯ ಹೊತ್ತಿಗೆ ಮೊರದಲ್ಲಿ ಬೀಜ ಸಾಲಲಿಲ್ಲ. ಅತ್ತೆಯರ ಸೀರೆಯ ಸಾಲಿಗೂ ಕುದುರೆ ಬಾಯಿ ಹಾಕಿತ್ತು. ಅಪ್ಪ ಆ ದಿನಕ್ಕಾಗಿಯೇ ಕಾದಿದ್ದವರಂತೆ, "ಅರಸೀಕೆರೆ ಸ್ಟೇಷನ್ ಹತ್ರ ಇನ್ನೂ ಜಟಕಾ ಓಡ್ತಾವೆ. ಅಲ್ಲಿಂದ ಒಬ್ಬ ಬರ್ತಾನೆ ಬರೋ ಗುರುವಾರ. ಗಾಡಿ ಸಮೇತ ತಗಂತಾನೆ" ಅಂದರು. ತಾತ ಖಾಲಿ ನಶ್ಯದ ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಅಜ್ಜಿ ಬೀಜಗಳನ್ನು ಮೊರಕ್ಕೆ ತುಂಬಿದಳು.

ನಾನು ಕೊಟ್ಟಿಗೆಗೆ ಹೋದೆ. ಕುದುರೆ ತಿನ್ನುತ್ತಿತ್ತು. "ಒಸಿ ಕಮ್ಮಿ ತಿನ್ನಲಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅದಕ್ಕೆ ನಿಜವಾಗಿಯೂ ಕೈ ಮುಗಿದೆ. ಅದು ಕಿವಿ ಅಲ್ಲಾಡಿಸಿ ಇನ್ನೊಂದು ಬಾಯಿ ಹುಲ್ಲು ಎಳೆದುಕೊಂಡಿತು. ಆಗ ಅಳು ಬಂತು. ಪುಸ್ತಕಗಳಿಗೆ ಹಾಕಿದ ಖಾಕಿ ರಟ್ಟು ಇನ್ನೂ ಹೊಸದಾಗಿತ್ತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಗಾಡಿ ಕಟ್ಟಿದರು. ನಾನು ಹತ್ತಿ ಕೂತೆ. ಅಷ್ಟರಲ್ಲಿ ಅಜ್ಜಿ ಬಂದಳು. ಅಲ್ಲಿಯ ತನಕ ಒಂದು ದಿನವೂ ಆ ಕುದುರೆಯನ್ನು ಮುಟ್ಟದವಳು ನೇರವಾಗಿ ಅದರ ತಲೆಯ ಹತ್ತಿರ ಹೋಗಿ ನಿಂತಳು. ಕಡಿವಾಣದ ಪಟ್ಟಿಯ ಮೇಲೆ ಕೈ ಇಟ್ಟು ಕೆನ್ನೆ ಸವರತೊಡಗಿದಳು. ಹೋಗುವ ಪ್ರಾಣಿ ಅಲ್ಲವೇ, ಮನಸ್ಸು ಕರಗಿರಬೇಕು ಅಂದುಕೊಂಡೆ. ತಾತ "ಹೈ" ಅಂದರು. ಗಾಡಿ ಅಲ್ಲಾಡಲಿಲ್ಲ. ಮತ್ತೆ "ಹೈ" ಅಂದರು. ಕುದುರೆ ಗೊರಸು ಕೆರೆಯಿತು, ಅಷ್ಟೇ.

ಎದುರು ಮನೆಯ ಗಂಗಣ್ಣ ಮಾವ ಹಲ್ಲುಜ್ಜುತ್ತಾ ಆಚೆ ಬಂದರು. ಊರಿಗೆಲ್ಲ ಹಟಮಾರಿ ಎಂದು ಹೆಸರಾದ ಮನುಷ್ಯ. ಅವರ ಮಗಳು ಲಲಿತ ನನ್ನ ಜೊತೆಯವಳು, ಕ್ಲಾಸಿಗೆ ಮೊದಲನೆಯವಳು. ಅವಳನ್ನು ಹೈಸ್ಕೂಲಿಗೆ ಕಳಿಸಿ ಎಂದು ಊರಿನ ಮೇಷ್ಟ್ರು ಮನೆ ಬಾಗಿಲಿಗೆ ಬಂದು ಕೇಳಿದಾಗ, "ನಿಮ್ ಹುಡ್ಗೀರನ್ನ ಕಳಿಸ್ಕಳಿ ಮೇಷ್ಟ್ರೇ" ಎಂದು ಸಾಗಹಾಕಿದ್ದರು. ತಾತ "ದಿನಾ ಗಾಡಿ ಖಾಲಿ ಹೋಗ್ತದೆ, ಇವಳೂ ಬರಲಿ" ಅಂದದ್ದಕ್ಕೆ, "ನಾವೇನು ನಿಮ್ಮ ಗಾಡೀಲಿ ಬಿಟ್ಟಿ ಓಡಾಡಬೇಕಾ?" ಎಂದು ಮುನಿಸಿಕೊಂಡಿದ್ದರು.

"ಏನ್ ದೊಡ್ಡಮ್ಮ, ಕುದುರೆ ಮುಷ್ಕರ ಹೂಡೈತಾ?" ಅಂದರು ಈಗ, ಬಾಯಿ ಮುಕ್ಕಳಿಸಿ.

"ಅಯ್ಯೋ ಏನಂತ ಹೇಳ್ಲಿ ಗಂಗಣ್ಣ" ಅಂದಳು ಅಜ್ಜಿ. "ಇದು ಜಟಕಾ ಕುದುರೆ ಕಣಪ್ಪ. ಇದರ ಜನ್ಮೆಲ್ಲಾ ಗಾಡಿ ಭರ್ತಿ ಆದಮೇಲೇ ಹೊಂಟಿದ್ದು. ಇಷ್ಟು ದಿನ ಎಂಗೋ ಹೋಯ್ತು, ಈಗ ಗೊತ್ತಾಗೈತೆ ಅದಕ್ಕೆ, ಒಬ್ಳೇ ಅವ್ಳೆ ಅಂತ. ಜನ ತುಂಬ್ದೆ ಕಾಲು ತೆಗಿಯಲ್ಲ."

"ಹಂಗೂ ಉಂಟಾ?"

"ನೋಡ್ತಿದೀಯಲ್ಲ ನೀನೇ." ಅಜ್ಜಿಯ ಕೈ ಪಟ್ಟಿಯ ಮೇಲೆಯೇ ಇತ್ತು. "ಹುಡ್ಗಿಗೆ ಇಸ್ಕೂಲಿಗೆ ಹೊತ್ತಾಯ್ತು. ನಿಮ್ ಲಲಿತನ್ನ ಒಸಿ ಕೊಡಪ್ಪ, ತೂಕಕ್ಕೆ. ಸಂಜೆಗೆ ವಾಪಸ್ ಕಳಿಸ್ತೀನಿ."

ಇಲ್ಲಿ ನಮ್ಮ ಊರಿನ ಒಂದು ರೀತಿ ಹೇಳಬೇಕು. ಕೊಡುತ್ತೇನೆ ಅಂದರೆ ತೆಗೆದುಕೊಳ್ಳುವವರು ಕಡಿಮೆ, ಕೊಡಿ ಅಂದರೆ ಇಲ್ಲ ಅನ್ನುವವರು ಇಲ್ಲವೇ ಇಲ್ಲ. ಒಂದು ಪಾವು ಸಕ್ಕರೆ, ಒಂದು ಕೊಳಗ, ಏಣಿ, ಹಗ್ಗ, ಮದುವೆಗೆ ಕೊರಳಿನ ಸರ, ಏನು ಕೇಳಿದರೂ ಕೈಬದಲಾಗಿ ಕೊಡುತ್ತಾರೆ. ಕೇಳಿದ್ದಕ್ಕೆ ಕೊಡಲಿಲ್ಲ ಅನ್ನಿಸಿಕೊಳ್ಳುವುದು ಅವಮಾನ. ಗಂಗಣ್ಣ ಮಾವ ಒಂದು ಗಳಿಗೆಯೂ ಯೋಚಿಸದೆ, ಏಣಿ ಕೊಟ್ಟ ಹಾಗೆ ಮಗಳನ್ನು ಕೊಟ್ಟರು. ಲಲಿತ ಅರ್ಧ ಹೆಣೆದ ಜಡೆಯಲ್ಲೇ ಓಡಿ ಬಂದು ಹತ್ತಿದಳು.

ತಾತ "ಹೈ" ಅಂದರು. ಇಲ್ಲ.

"ಇನ್ನೂ ಸಾಲ್ದೇನೋ" ಅಂದಳು ಅಜ್ಜಿ.

ಗಂಗಣ್ಣ ಮಾವನಿಗೆ ಈಗ ಹಟ ಬಂತು. ತಮ್ಮ ಮಗಳು ಹತ್ತಿದ ಮೇಲೂ ಹೊರಡದ ಗಾಡಿ ಅವರ ಮರ್ಯಾದೆಯ ಪ್ರಶ್ನೆಯಾಯಿತು. ಬೀದಿಯ ಆ ಕೊನೆಗೆ ಕೇಳುವಂತೆ ಕೂಗಿದರು. "ಏ ಸಿದ್ದಯ್ಯ! ನಿಮ್ ಜಯನ್ನ ಕಳ್ಸಯ್ಯ, ಕುದುರೆ ನಿಂತುಬುಟ್ಟೈತೆ! ಸರೋಜನ್ನೂ ಕರಿಯಲಾ!" ನಮ್ಮ ಜೊತೆಯೇ ಏಳನೆಯದು ಮುಗಿಸಿ ಮನೆಯಲ್ಲಿದ್ದ ಜಯ ಬಂದಳು, ಅವಳ ಚಿಕ್ಕಪ್ಪನ ಮಗಳು ಸರೋಜ ಬಂದಳು. ಸರೋಜ ಹತ್ತಿ ಕೂತ ಮೇಲೆ ಅಜ್ಜಿ ಕುದುರೆಯ ಕೆನ್ನೆಗೆ ಒಮ್ಮೆ ತಟ್ಟಿ ಪಕ್ಕಕ್ಕೆ ಸರಿದಳು. ತಾತ ಬಾಯಿ ತೆರೆಯುವ ಮೊದಲೇ ಗಾಡಿ ಹೊರಟಿತು.

"ಹೋಯ್ತು ನೋಡು! ನಾಕು ಜನ ಬೇಕಾಗಿತ್ತು ಅದಕ್ಕೆ!" ಎಂದು ಗಂಗಣ್ಣ ಮಾವ ಹಿಂದಿನಿಂದ ಕೂಗಿದ್ದು ಕೇಳಿಸಿತು. ಕುದುರೆಯ ಮನಸ್ಸನ್ನು ಅರಿತವರು ತಾವೊಬ್ಬರೇ ಎಂಬ ಹೆಮ್ಮೆ ಅದರಲ್ಲಿತ್ತು.

ಆ ಮೂವರೂ ಅಂದು ಶಾಲೆಯ ಬೇವಿನ ಮರದ ಕೆಳಗೆ ದಿನವಿಡೀ ಕೂತಿದ್ದು, ಸಂಜೆ ನನ್ನ ಜೊತೆ ವಾಪಸಾದರು. ಮರುದಿನವೂ ಕುದುರೆ ನಿಂತಿತು, ಮತ್ತೆ ಬಂದರು. ಮೂರನೆಯ ದಿನ ಹೆಡ್‌ಮೇಡಂ ಕಿಟಕಿಯಿಂದ ನೋಡಿ ಆಚೆ ಬಂದರು. ಎಂಟನೇ ಕ್ಲಾಸಿಗೆ ಹುಡುಗಿಯರು ಸಾಲದೆ ಅವರು ಪೇಚಾಡುತ್ತಿದ್ದ ಸಮಯ. "ಯಾರಮ್ಮ ನೀವು?" ಎಂದು ಕೇಳಿದ್ದಕ್ಕೆ ಲಲಿತ ಎದ್ದು ನಿಂತು, "ನಾವು ತೂಕಕ್ಕೆ ಬಂದಿದೀವಿ ಮಿಸ್" ಎಂದಳು. ಮೇಡಂ ಪೂರ್ತಿ ಕಥೆ ಕೇಳಿ ನಗಲಿಲ್ಲ. "ಹೇಗೂ ದಿನಾ ಬರ್ತೀರಲ್ಲ, ಒಳಗೆ ಬಂದು ಕೂತ್ಕೊಳ್ಳಿ" ಅಂದರು. ಹೆಣ್ಣುಮಕ್ಕಳಿಗೆ ಫೀಸು ಇರಲಿಲ್ಲ. ಸಹಿ ಹಾಕಿಸಿಕೊಂಡು ಬರಲು ಕೊಟ್ಟ ಕಾಗದಕ್ಕೆ ಗಂಗಣ್ಣ ಮಾವ, "ಮರದ ಕೆಳಗೆ ಕೂರೋದಕ್ಕಿಂತ ಸೂರಿನ ಕೆಳಗೆ ಕೂರ್ಲಿ ಬುಡು" ಎಂದು ಸಹಿ ಹಾಕಿದರು.

ಕುದುರೆಯ ಹೊಟ್ಟೆಯ ಪ್ರಶ್ನೆ ಬಗೆಹರಿದದ್ದೂ ಇದರಿಂದಲೇ. ಅದನ್ನು ಅಜ್ಜಿ ಕೇಳಲೇ ಇಲ್ಲ. ತಮ್ಮ ಮಗಳಿಲ್ಲದೆ ಹೊರಡದ ಕುದುರೆ ತಮ್ಮದೂ ಅಲ್ಲವೇ ಎಂದು ಗಂಗಣ್ಣ ಮಾವನಿಗೆ ತಾನಾಗಿ ಅನ್ನಿಸಿತು. ಮೊದಲು ಲಲಿತ ಬರುವಾಗ ಬದುವಿನ ಹುಲ್ಲಿನ ಒಂದು ಹೊರೆ ತಂದಳು. ಅದನ್ನು ನೋಡಿ ಜಯ ತಂದಳು. ಸರೋಜಳ ಮನೆಯಿಂದ ಹುರುಳಿ ಬಂತು. ಗಾಡಿಯಲ್ಲಿ ಕೂತು ನಾವು ನಾಲ್ವರೂ ಗರಿಯಿಂದ ಕಡ್ಡಿ ಸೀಳುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದೆವು. ಆ ಪೊರಕೆಗಳು ಪೇಟೆಯಲ್ಲಿ ಮಾರಿಹೋಗಿ ಲಾಳದ ಖರ್ಚಿಗೆ ಸರಿಹೋಗುತ್ತಿದ್ದವು. ಒಂದು ದಿನ ಗಂಗಣ್ಣ ಮಾವ ಸುಣ್ಣದ ಕುಡಿಕೆ ಕೇಳಿ ತೆಗೆದುಕೊಂಡು ಹೋದರು. ಅವರ ತೋಟದ ಒಂದು ಮರಕ್ಕೂ ಬಿಳಿ ಗೀಟು ಬಿತ್ತು. ಬೇರೆಯವರು ಹಿಂದೆ ಬೀಳುತ್ತಾರೆಯೇ? ಅರಸೀಕೆರೆಯವನು ಗುರುವಾರ ಹೇಳಿದಂತೆಯೇ ಬಂದಿದ್ದ. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹುಲ್ಲಿನ ರಾಶಿ ನೋಡಿ, ಇವರು ಕೊಡುವವರಲ್ಲ ಎಂದುಕೊಂಡು, ಮಜ್ಜಿಗೆ ಕುಡಿದು ಹೊರಟುಹೋದ. ಮುಂದಿನ ಅಮಾವಾಸ್ಯೆಗೆ ಅಜ್ಜಿ ಬೀಜಗಳನ್ನು ತಳ್ಳಿ ತಳ್ಳಿ ನೋಡಿ, "ಈ ತಿಂಗಳು ಸಮ ಆಯ್ತು" ಅಂದಳು. ತಾತನ ಮರ ತಾತನಿಗೆ ವಾಪಸು ಬಂತು. ಅಂದು ರಾತ್ರಿ ಅವರು ಸೀನಿದ ಸದ್ದಿಗೆ ಅಟ್ಟದ ಮೇಲೊಂದು ಕಾಯಿ ಉರುಳಿತು.

ಹೀಗೆ ಮೂರು ವರ್ಷ ಕಳೆಯಿತು. ಪಬ್ಲಿಕ್ ಪರೀಕ್ಷೆ ಹತ್ತಿರವಿದ್ದಾಗ ಒಂದು ದಿನ ತಾತನಿಗೆ ಜ್ವರ. ಲಲಿತ, ಜಯ, ಸರೋಜ ಮೂವರೂ ನೆಂಟರ ಮದುವೆಗೆಂದು ಕಂದಿಕೆರೆಗೆ ಹೋಗಿದ್ದರು. ನನಗೆ ಹಾಲ್ ಟಿಕೆಟ್ ತರಬೇಕಾಗಿತ್ತು. ಅಪ್ಪ ಗೊಣಗುತ್ತಾ ತಾವೇ ಗಾಡಿ ಕಟ್ಟಿದರು. "ಅದು ಹೊರಡಲ್ಲ ಅಪ್ಪ, ನಾನೊಬ್ಳೇ ಇದೀನಿ" ಅಂದೆ. ಅಪ್ಪನಿಗೆ ಕುದುರೆಯ ಹಟಗಳಲ್ಲಿ ಆಸಕ್ತಿಯೇ ಇರಲಿಲ್ಲ. "ಹೈ" ಅಂದರು.

ಸುಲ್ತಾನ ಕತ್ತು ಒಮ್ಮೆ ಕೊಡವಿ, ಮುಕ್ಕಾಲು ಖಾಲಿಯಿದ್ದ ಗಾಡಿಯನ್ನು ಎಳೆದುಕೊಂಡು, ಎಂದಿಗಿಂತ ಹಗುರವಾಗಿ ಓಡಿತು.

ಸಂಜೆ ಮನೆಗೆ ಬಂದಾಗ ಅಜ್ಜಿ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳ ನಡುವೆ ಕೂತಿದ್ದಳು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆದದ್ದನ್ನು ಒಂದು ಕಡೆಗೆ, ಆಗದ್ದನ್ನು ಇನ್ನೊಂದು ಕಡೆಗೆ ಇಡುತ್ತಿದ್ದಳು.

"ಅಜ್ಜಿ, ಕುದುರೆ ನನ್ನೊಬ್ಬಳನ್ನೇ ಕೂರಿಸ್ಕೊಂಡು ಹೋಯ್ತು" ಅಂದೆ.

ಕೈಯಲ್ಲಿದ್ದ ಕಾಯಿಯನ್ನು ಅವಳು ಇನ್ನೊಮ್ಮೆ ಅಲ್ಲಾಡಿಸಿದಳು. "ಹೂಂ" ಅಂದಳು. ಅದನ್ನು ಆದದ್ದರ ಕಡೆಗೆ ಇಟ್ಟು, ತಲೆ ಎತ್ತದೆಯೇ, "ಗಂಗಣ್ಣನ ಮುಂದೆ ಅನ್ನಬ್ಯಾಡ. ಲಲಿತಂದು ಪರೀಕ್ಷೆ ಮುಗೀಲಿ" ಅಂದಳು. ನನಗೆ ಕಡಿವಾಣದ ಪಟ್ಟಿಯ ಮೇಲಿನ ಆ ಕೈ ನೆನಪಾಯಿತು. ಅದು ಸವರುತ್ತಿದ್ದ ಕೈಯಲ್ಲ, ಹಿಡಿದಿದ್ದ ಕೈ.

ಪರೀಕ್ಷೆ ಮುಗಿಯಿತು, ನಾಲ್ವರೂ ಪಾಸಾದೆವು. ಅದರ ಮುಂದಿನ ವರ್ಷ ಊರಿಗೆ ಬೆಳಗಿನ ಬಸ್ಸು ಬಂತು. ಸುಲ್ತಾನ ಇನ್ನೂ ಕೆಲವು ವರ್ಷ ಕೆಲಸವಿಲ್ಲದೆ ತಿಂದುಕೊಂಡಿತ್ತು. ಸತ್ತಾಗ ತಾತ ಅದನ್ನು ಬಾವಿ ದಾರಿಯ ಅದೇ ಸಾಲಿನ ನಡುವೆ ಹೂಳಿಸಿದರು. ಮರುವರ್ಷದಿಂದ ಆ ಸಾಲು ತೂಗಿ ತೂಗಿ ಕಾಯಿ ಬಿಟ್ಟಿತು. "ಕೊನೆಗೂ ಕೂಡಿಡೋದು ಕಲೀತು" ಎಂದಳು ಅಜ್ಜಿ. ಅವಳು ಆ ಕುದುರೆಯನ್ನು ಹೊಗಳಿದ್ದು ಅದೊಂದೇ ಸಲ. ಅಜ್ಜಿಯೂ ತಾತನೂ ಹೋಗಿ ಬಹಳ ಕಾಲವಾಯಿತು. ತೋಟ ತಮ್ಮಂದಿರ ಪಾಲಿಗೆ ಬಂತು, ನನ್ನ ಪಾಲಿಗೆ ಲೆಕ್ಕ ಬಂತು.

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ ಅಂದೆನಲ್ಲ. ಬಾಯಿ ಮರಗಟ್ಟಿ, ಹತ್ತಿ ಕಚ್ಚಿಕೊಂಡು ಆಚೆ ಬಂದರೆ ಬೆಂಚಿನ ಮೇಲೆ ಗಂಗಣ್ಣ ಮಾವ ಕೂತಿದ್ದರು. ತೊಂಬತ್ತು ಮುಟ್ಟಿರಬೇಕು, ಹಲ್ಲಿನ ಸೆಟ್ಟು ಕಟ್ಟಿಸಲು ಬಂದಿದ್ದರು. ಪಕ್ಕದಲ್ಲಿ ಲಲಿತ. ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು, ಅಪ್ಪನ ಕೋಲು ಹಿಡಿದುಕೊಂಡು ಕೂತಿದ್ದಳು. ಮಾವ ನನ್ನನ್ನು ಗುರುತು ಹಿಡಿದವರೇ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಶುರುಮಾಡಿದರು.

"ಇವ್ರ ಮನೇಲೊಂದು ಕುದುರೆ ಇತ್ತು ಕಣ್ರೀ. ಅಂಥಾ ಕುದುರೆ ನಾನು ಎಲ್ಲೂ ಕಂಡಿಲ್ಲ. ನಮ್ ಲಲಿತ ಹತ್ತಿ ಕೂರದೆ ಒಂದ್ ಹೆಜ್ಜೆ ಇಡ್ತಿರಲಿಲ್ಲ. ಅಲ್ವೇನಮ್ಮ ಗಿರಿಜ?"

ಲಲಿತ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ಎಂದೂ ಕೇಳಿಲ್ಲ. ಲೆಕ್ಕ ಹಾಕಿ ನೋಡಿದರೆ ಮಾವ ಹೇಳುವುದರಲ್ಲಿ ಸುಳ್ಳೇನಿಲ್ಲ. ಆ ಹುಲ್ಲು, ಆ ಹುರುಳಿ, ಆ ಗೀಟಿನ ಮರ ಇಲ್ಲದಿದ್ದರೆ ಕುದುರೆ ಆ ಗುರುವಾರವೇ ಅರಸೀಕೆರೆಗೆ ಹೋಗಿರುತ್ತಿತ್ತು, ನಾನು ಮನೆಯಲ್ಲಿ ಕೂತು ಪೊರಕೆ ಕಟ್ಟುತ್ತಿದ್ದೆ.

ಹತ್ತಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಇಲ್ಲ ಮಾವ, ಇಡ್ತಿರಲಿಲ್ಲ" ಅಂದೆ.